ಕರೆಯದವಳಿಗೆ ಜಾಗ ಇಲ್ಲ

ಕುಕ್ಕುಂದೂರು, ಕಾರ್ಕಳ
5 ಫೆಬ್ರವರಿ 2024

ಅಮ್ಮಾ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಮಾತು ಕಲಿತಂದಿನಿಂದ ನಿನ್ನ ಹತ್ತಿರ ತುಳು ಬಿಟ್ಟು ಬೇರೆ ಮಾತನಾಡಿದವಳಲ್ಲ ನಾನು. ಆದರೆ ತುಳುವಿನಲ್ಲಿ ಬರೆದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸ ಇಲ್ಲವಲ್ಲ. ಹಾಗಾಗಿ ಕನ್ನಡ.

ಸ್ಪೀಚ್ ಥೆರಪಿಯ ಸ್ಯಾಂಡ್ರಾ ಮೇಡಂ ಫೋನ್ ಮಾಡಿದ್ದರು. "ಫೋನಿನಲ್ಲಿ ಅವರು ತಡವರಿಸುತ್ತಾರೆ, ನೀವು ಅಳುತ್ತೀರಿ. ಇಬ್ಬರಿಗೂ ಪ್ರಯೋಜನ ಇಲ್ಲ. ಕಾಗದ ಬರೆಯಿರಿ. ಎಡಗೈಯಲ್ಲಿ ಉತ್ತರ ಬರೆಸುವುದು ನನ್ನ ಕೆಲಸ" ಎಂದರು.

ನಿನಗೆ ಆದದ್ದು ಎಂತ ಎಂದು ವಾರ್ಡಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದಿಯಂತೆ. ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಪು ಮಾರ್ಕೆಟಿನಲ್ಲಿ ಮೀನಿನ ಬುಟ್ಟಿ ಇಳಿಸುವಾಗ ನೀನು ಬಿದ್ದೆ. ಬಿಪಿ ಏರಿ ಮೆದುಳಿನ ಎಡಭಾಗದಲ್ಲಿ, ಒಳಗೆ ಆಳದಲ್ಲಿ, ರಕ್ತನಾಳ ಒಡೆದಿತ್ತು. ಮಣಿಪಾಲಕ್ಕೆ ತಂದರು. ಮೆದುಳು ಊದಿಕೊಂಡದ್ದರಿಂದ ತಲೆಬುರುಡೆಯ ಒಂದು ತುಂಡು ಎಲುಬನ್ನು ತೆಗೆದರು. ತುಂಬ ದಿನ ಎಚ್ಚರ ಇರಲಿಲ್ಲ. ಬಲಗೈ, ಬಲಗಾಲು ಹೋದದ್ದು ಆ ರಕ್ತಸ್ರಾವದಿಂದಲೇ.

ಎಚ್ಚರವಾದ ದಿನ ನಾನು ಹತ್ತಿರ ಬಂದು "ಅಮ್ಮಾ, ಎಂಚ ಉಲ್ಲ?" ಎಂದೆ. ಹೇಗಿದ್ದಿ ಎಂದು. ನೀನು ನನ್ನ ಮುಖ ನೋಡಿ ಕನ್ನಡದಲ್ಲಿ "ನೀವು ಅಳಬೇಡಿ" ಎಂದೆ.

ಅಮ್ಮಾ, ‘ನೀವು’ ಎನ್ನುವುದು ನಾವು ಬ್ಯಾಂಕಿನಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ಆಡುವ ಮಾತು. ನಾನು ಹೊರಗೆ ಹೋಗಿ ಅಪ್ಪನಿಗೆ "ಅಮ್ಮನಿಗೆ ನನ್ನ ಗುರುತು ಸಿಗಲಿಲ್ಲ" ಎಂದೆ. ಎಲ್ಲರೂ ಹಾಗೆಯೇ ತಿಳಿದರು. ನೆಂಟರು ಬಂದು ತುಳುವಿನಲ್ಲಿ ಮಾತನಾಡಿಸಿ, ನಿನ್ನ ಬಾಯಿಂದ ಏನೂ ಬರದೆ, "ಪಾಪ, ತಲೆ ಹೋಗಿದೆ" ಎಂದು ಹಣ್ಣು ಇಟ್ಟು ಹೋದರು. ಕೊನೆಗೆ ಸ್ಯಾಂಡ್ರಾ ಮೇಡಂ ನಿನ್ನ ಎಡಗೈಗೆ ಪೆನ್ನು ಕೊಟ್ಟು "ಇವರ ಹೆಸರು ಬರೆಯಿರಿ" ಎಂದಾಗ ನೀನು ಸೊಟ್ಟ ಅಕ್ಷರದಲ್ಲಿ ‘ಮಾನಸ’ ಎಂದು ಬರೆದೆ. ಆ ಚೀಟಿ ನನ್ನ ಹತ್ತಿರ ಉಂಟು.

ಎರಡು ಸಾಲು ಬರೆದರೂ ಸಾಕು.

ನಿನ್ನ ಮಗಳು
ಮಾನಸ


ಮಣಿಪಾಲ
16 ಫೆಬ್ರವರಿ 2024

ಮಾನಸ ಅವರಿಗೆ,

ಕಾಗದ ತಲುಪಿತು. ಓದಿದೆ. ಅರ್ಥ ಆಯಿತು.

ನೀವು ನನ್ನ ಮಗಳು. ಗೊತ್ತುಂಟು. ಆ ದಿನವೂ ಗೊತ್ತಿತ್ತು.

ತುಳು ಕೇಳಿದರೆ ತಿಳಿಯುತ್ತದೆ. ಹೇಳಲು ಹೋದರೆ ಬರುವುದಿಲ್ಲ. ಕನ್ನಡ ಬರುತ್ತದೆ. ಕಾರಣ ತಿಳಿದುಬಂದಿಲ್ಲ.

ಇಷ್ಟು ಬರೆಯಲು ಮೊನ್ನೆಯಿಂದ ಕೂತಿದ್ದೇನೆ.

ಇಲ್ಲಿ ಮೀನು ಕೊಡುವುದಿಲ್ಲ.

ಮಾರ್ಕೆಟಿನ ನನ್ನ ಜಾಗದಲ್ಲಿ ಯಾರು ಕೂರುತ್ತಿದ್ದಾರೆ? ದಯವಿಟ್ಟು ತಿಳಿಸಿ.

ಇಂತಿ
ಹರಿಣಾಕ್ಷಿ


ಕುಕ್ಕುಂದೂರು
25 ಫೆಬ್ರವರಿ 2024

ಅಮ್ಮಾ,

‘ಮಾನಸ ಅವರಿಗೆ’ ಎಂದು ಓದಿ ನಿನ್ನ ಅಳಿಯ ಯೋಗೀಶರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟು ಮರ್ಯಾದೆ ನಿನಗೆ ಈ ಮನೆಯಲ್ಲಿ ಯಾವತ್ತಾದರೂ ಸಿಕ್ಕಿತ್ತಾ ಮಾರಾಯ್ತಿ?" ಎಂದರು. ನಾನೂ ನಕ್ಕೆ. ಆಮೇಲೆ ಫ್ಯಾಕ್ಟರಿಗೆ ಹೋಗಿ, ಗೇರುಬೀಜದ ಚೀಲಗಳ ಹಿಂದೆ ನಿಂತು ಅತ್ತೆ.

ಸ್ಯಾಂಡ್ರಾ ಮೇಡಂ ಹತ್ತಿರ ಕಾರಣ ಕೇಳಿದೆ. ಆಡಿ ಆಡಿ ತಾನಾಗಿ ಬಂದ ಭಾಷೆ ಮೆದುಳಿನ ಒಳಭಾಗದ ಆಸರೆಯಲ್ಲಿ ಇರುತ್ತದಂತೆ. ರಕ್ತ ಹರಿದದ್ದು ಅಲ್ಲಿ. ಶಾಲೆಯಲ್ಲಿ ಕಲಿತು, ಓದಿ ಉಳಿಸಿಕೊಂಡದ್ದು ಬೇರೆ ದಾರಿಯಲ್ಲಿ ಬರುವುದರಿಂದ ಕೆಲವರಿಗೆ ಹೀಗಾಗುತ್ತದೆ ಎಂದರು. ಅಪರೂಪವಂತೆ, ಆದರೆ ಇಲ್ಲದ್ದಲ್ಲ. "ಅಷ್ಟು ಕನ್ನಡ ಅವರಿಗೆ ಎಲ್ಲಿಂದ? ಟೀಚರ್ ಆಗಿದ್ದರಾ?" ಎಂದು ಕೇಳಿದರು. ಮೀನು ಕಟ್ಟುವ ಪೇಪರನ್ನು ಓದದೆ ಕಟ್ಟಿದವಳಲ್ಲ ಎಂದೆ. ಗಿರಾಕಿ ಕಾಯುತ್ತಿದ್ದರೂ ನೀನು ಒಂದು ಸುದ್ದಿ ಮುಗಿಸಿಯೇ ಮಡಚುತ್ತಿದ್ದದ್ದು ನೆನಪುಂಟಲ್ಲ.

ನಿನ್ನ ಜಾಗದಲ್ಲಿ ಯಶ್ಮಿತಾ ಕೂರುತ್ತಿದ್ದಾಳೆ, ಅಪ್ಪನ ಅಕ್ಕನ ಮಗಳು. ದಿನಾ ಎಲ್ಲೂರಿನಿಂದ ಬರುತ್ತಾಳೆ. ಮೀನಿನವರ ಸಾಲಿನ ಹಿರಿಯವಳು ಅಪ್ಪಿಯಕ್ಕನೇ ಒಪ್ಪಿ ಕೂರಿಸಿದ್ದು. ನಿಯಮ ನಿನಗೇ ಗೊತ್ತು: ಕಾಯಿಲೆ ಬಿದ್ದವಳ ಜಾಗದಲ್ಲಿ ಮನೆಯವರೊಬ್ಬರು ಆ ವರ್ಷದ ಮಟ್ಟಿಗೆ ಕೂರಬಹುದು. ಮಳೆಗಾಲ ಕಳೆದು ಬೋಟುಗಳು ಮೀನು ತಂದ ಮೊದಲ ದಿನ ಜಾಗದವಳೇ ಬರಬೇಕು, ಮೊದಲ ಗಿರಾಕಿಯನ್ನು ತನ್ನ ಬಾಯಿಂದಲೇ ಕರೆಯಬೇಕು. ಕರೆಯದವಳಿಗೆ ಜಾಗ ಇಲ್ಲ.

ಅದೆಲ್ಲ ಈಗ ಯೋಚಿಸಬೇಡ. ಮೊದಲು ಎದ್ದು ನಿಲ್ಲು.

ಮಾನಸ


ಕಾಪು
20 ಮಾರ್ಚ್ 2024

ಮಾನಸ ಅವರಿಗೆ,

ಮನೆಗೆ ಬಂದೆ. ನಾಲ್ಕು ಕಾಲಿನ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತೇನೆ. ಬಲಗಾಲಿನ ಹೆಬ್ಬೆರಳು ನೆಲಕ್ಕೆ ತಾಗಿ ಎಳೆಯುತ್ತದೆ.

ತೆಗೆದ ಎಲುಬನ್ನು ಡಾಕ್ಟರು ನನ್ನ ಹೊಟ್ಟೆಯ ಚರ್ಮದ ಅಡಿಯಲ್ಲಿ ಇಟ್ಟು ಹೊಲಿದಿದ್ದಾರೆ. ಅಲ್ಲಿ ಕೆಡುವುದಿಲ್ಲವಂತೆ. ಊತ ಇಳಿದ ಮೇಲೆ ತೆಗೆದು ತಲೆಗೆ ಕೂರಿಸುತ್ತಾರೆ. ನೋಡಲು ಬಂದ ಪಕ್ಕದ ಮನೆಯವರು "ತಲೆ ಸರಿ ಉಂಟಾ?" ಎಂದು ಕೇಳಿದರು. "ಸ್ವಲ್ಪ ತಲೆಯಲ್ಲಿ, ಸ್ವಲ್ಪ ಹೊಟ್ಟೆಯಲ್ಲಿ ಉಂಟು" ಎಂದೆ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

ತಲೆಗೆ ಏನೂ ತಾಗಬಾರದೆಂದು ಹೆಲ್ಮೆಟ್ ಹಾಕಿಕೊಳ್ಳುತ್ತೇನೆ. ಸ್ಕೂಟರ್ ಇಲ್ಲದೆ ಹೆಲ್ಮೆಟ್ ಹಾಕುವ ಹೆಂಗಸು ಕಾಪುವಿನಲ್ಲಿ ನಾನೊಬ್ಬಳೇ ಎಂದು ತಿಳಿದುಬಂದಿದೆ.

ನಿಮ್ಮ ಅಪ್ಪ ಈ ತಿಂಗಳು ಬೋಟಿಗೆ ಹೋಗಲಿಲ್ಲ. ನಾನು ಕನ್ನಡದಲ್ಲಿ ಮಾತನಾಡುತ್ತೇನೆಂದು ಅವರೂ ಕನ್ನಡದಲ್ಲಿ ಶುರು ಮಾಡಿದ್ದಾರೆ. ಅವರಿಗೆ ಬರುವುದು ಬಸ್ ಕಂಡಕ್ಟರರ ಕನ್ನಡ. "ಮುಂದೆ ಹೋಗಿ, ಮೆಟ್ಟಿಲು ಉಂಟು, ಹಿಡಿದುಕೊಳ್ಳಿ" ಎನ್ನುತ್ತಾರೆ. ನಿನ್ನೆ ಅನ್ನ ಬಡಿಸಿ "ಚಿಲ್ಲರೆ ಉಂಟಾ?" ಎಂದರು. ಮದುವೆಯಾದ ಮೇಲೆ ಈ ಮನುಷ್ಯ ನನ್ನನ್ನು ಇಷ್ಟು ನಗಿಸಿದ್ದಿಲ್ಲ.

ಒಂದು ಮುಖ್ಯ ವಿಷಯ. ಬೋಟು ಬಂದ ಮೊದಲ ದಿನ ನಾನು ನನ್ನ ಜಾಗದಲ್ಲಿ ಕೂರುತ್ತೇನೆ. ಇದನ್ನು ಎಲ್ಲರ ಗಮನಕ್ಕೆ ತರಬೇಕಾಗಿ ವಿನಂತಿ.

ಇಂತಿ
ಹರಿಣಾಕ್ಷಿ


ಕುಕ್ಕುಂದೂರು
7 ಏಪ್ರಿಲ್ 2024

ಅಮ್ಮಾ,

ಬಚ್ಚಲಿನಲ್ಲಿ ಫಿಟ್ಸ್ ಬಂದದ್ದನ್ನು ನೀನು ನನಗೆ ಬರೆಯಲಿಲ್ಲ. ಅಪ್ಪ ಫೋನಿನಲ್ಲಿ ಹೇಳಿದರು. ಹೆಲ್ಮೆಟ್ ತೆಗೆದಿಟ್ಟಿದ್ದೆಯಂತೆ. ಹಂಡೆಯ ಕಟ್ಟೆಗೆ ತಲೆ ತಾಗಲಿಲ್ಲ ಎನ್ನುವುದು ನಮ್ಮ ಪುಣ್ಯ, ನಿನ್ನ ಜಾಗ್ರತೆ ಅಲ್ಲ.

ಡಾಕ್ಟರು ಮಾತ್ರೆ ಏರಿಸಿದ್ದಾರೆ. ರಕ್ತಸ್ರಾವ ಆದವರಿಗೆ ಫಿಟ್ಸ್ ಬರುವುದುಂಟು, ಮತ್ತೆ ಬಂದರೂ ಬರಬಹುದು, ಚಾಕು, ಬೆಂಕಿ, ನೀರು ಮೂರರ ಹತ್ತಿರವೂ ಒಬ್ಬರೇ ಇರಬಾರದು ಎಂದಿದ್ದಾರೆ. ಮೀನು ಮಾರುವವಳಿಗೆ ಅದರಲ್ಲಿ ಯಾವುದು ಬಿಡಲು ಆಗುತ್ತದೆ?

ಇಲ್ಲಿಗೆ ಬಾ. ಕೋಣೆ ಸರಿ ಮಾಡಿಟ್ಟಿದ್ದೇನೆ. ಕುಕ್ಕುಂದೂರಿನಿಂದ ಮಣಿಪಾಲಕ್ಕೆ ಬಸ್ಸೂ ಸುಲಭ. ಜಾಗದ ವಿಷಯ ಈಗ ಬೇಡ.

ಮಾನಸ


ಕಾಪು
28 ಏಪ್ರಿಲ್ 2024

ಮಾನಸ,

ನೀನು ಎಂತ ಮಾಡಿದ್ದಿ?

ಶುಕ್ರವಾರ ಓಟು ಹಾಕಲು ಹೋಗಿದ್ದೆ. ಸಾಲಿನಲ್ಲಿ ಮುಂದೆ ಅಪ್ಪಿಯಕ್ಕ. ನನ್ನ ಹೆಲ್ಮೆಟ್ ನೋಡಿ ಜಾಗ ಬಿಟ್ಟುಕೊಟ್ಟಳು. ಆಮೇಲೆ ಹೇಳಿದಳು: "ನಿನ್ನ ಮಗಳು ಬಂದಿದ್ದಳಲ್ಲ ಹರಿಣಾಕ್ಷಿ. ಅಮ್ಮ ಇನ್ನು ಬರುವುದಿಲ್ಲ, ಜಾಗ ಯಶ್ಮಿತಾಳಿಗೇ ಇರಲಿ ಅಂತ ಹೇಳಿ ಹೋಗಿದ್ದಾಳೆ. ಒಳ್ಳೆಯದೇ ಆಯಿತು, ಇನ್ನು ನೀನು ಆರಾಮ ಮಾಡು."

ಕಾರ್ಕಳದಿಂದ ಕಾಪುವಿನವರೆಗೆ ಬಸ್ಸಿನಲ್ಲಿ ಬಂದು, ಮಾರ್ಕೆಟಿಗೆ ಹೋಗಿ, ನನ್ನ ಮನೆಗೆ ಬಾರದೆ ಹಿಂದೆ ಹೋದೆಯಲ್ಲ ನೀನು.

ಆ ಹೊತ್ತಿಗೆ ನನಗೆ ಬೈಗುಳ ಬೇಕಿತ್ತು. ಮಾರ್ಕೆಟಿನಲ್ಲಿ ನನ್ನ ಬಾಯಿಗೆ ಹೆದರದವರು ಯಾರಿದ್ದರು? ಒಂದೂ ಬರಲಿಲ್ಲ. ನಾಲಿಗೆಯ ತುದಿಯಲ್ಲಿ ಖಾಲಿ. ಕನ್ನಡದಲ್ಲಿ ಹುಡುಕಿದೆ. ಕನ್ನಡದ ಬೈಗುಳ ನನಗೆ ಯಾರೂ ಕಲಿಸಿಲ್ಲ. ಪಾಠಪುಸ್ತಕದಲ್ಲಿ ಇರಲಿಲ್ಲ, ಪೇಪರಿನವರು ಹಾಕುವುದಿಲ್ಲ. ಬಾಯಿಗೆ ಬಂದದ್ದು "ಇದು ತೀವ್ರ ಖಂಡನೀಯ". ಸಾಲಿನಲ್ಲಿದ್ದವರೆಲ್ಲ ನಕ್ಕರು. ಪೊಲೀಸಿನವನೂ ನಕ್ಕ.

ನಗಲಿ. ನಾನು ಓಟು ಹಾಕಿ ಬಂದೆ.

ಆ ಜಾಗ ನಿನ್ನದಲ್ಲ. ನನ್ನ ಅತ್ತೆ ಕೂತ ಜಾಗ, ಅವರು ನನ್ನನ್ನು ಕೂರಿಸಿದ ಜಾಗ. ಕೊಡುವುದಾದರೆ ನಾನು ಕೊಡಬೇಕು. ನಾನು ಕೊಟ್ಟಿಲ್ಲ. ನನಗೆ ಫಿಟ್ಸ್ ಬಂದಿದೆ, ಬುದ್ಧಿ ಹೋಗಿಲ್ಲ.

ನೀನು ಆ ಮಾತನ್ನು ಹಿಂದೆ ತೆಗೆದುಕೊಳ್ಳುವವರೆಗೆ ಕಾಪುವಿಗೆ ಬರಬೇಡ. ನಾನೂ ಕುಕ್ಕುಂದೂರಿಗೆ ಬರುವುದಿಲ್ಲ.

ಹರಿಣಾಕ್ಷಿ


ಕುಕ್ಕುಂದೂರು
6 ಮೇ 2024

ಅಮ್ಮಾ,

‘ನೀನು’ ಎಂದು ಬರೆದಿದ್ದಿ.

ಕಾಗದ ಇಡೀ ಬೈದಿದ್ದಿ, ನನಗೆ ಮೊದಲು ಕಂಡದ್ದು ಅದು. ಸ್ಯಾಂಡ್ರಾ ಮೇಡಂಗೆ ಫೋಟೋ ಕಳಿಸಿದೆ. "ಕನ್ನಡವನ್ನು ಅವರು ಇಷ್ಟು ವರ್ಷ ಮನೆಯವರ ಹತ್ತಿರ ಬಳಸಿದ್ದೇ ಇಲ್ಲ. ಅದಕ್ಕೇ ‘ನೀವು’ ಮಾತ್ರ ಇತ್ತು. ‘ನೀನು’ ಹೊಸತು" ಎಂದರು. ಇನ್ನೂ ಸಿಟ್ಟು ಬರಿಸಿ ಎಂದೂ ಹೇಳಿದರು, ನಗುತ್ತಾ.

ಹಾಗಾಗಿ ಬರಿಸುತ್ತೇನೆ.

ನಾನು ಅಪ್ಪಿಯಕ್ಕನ ಹತ್ತಿರ ಹೋದದ್ದು ನಿಜ. ಮನೆಗೆ ಬಾರದೆ ಹೋದದ್ದೂ ನಿಜ. ನಿನ್ನ ಎದುರು ನಿಂತರೆ ಹೇಳಲು ಆಗುವುದಿಲ್ಲ ಎಂದು ಗೊತ್ತಿತ್ತು. ಅದರಲ್ಲಿ ತಪ್ಪೇನು? ಐಸಿಯು ಹೊರಗೆ ಕುರ್ಚಿಯಲ್ಲಿ ಕೂತಿದ್ದವಳು ನಾನು. "ಉಳಿಯುತ್ತಾರೆ ಎಂದು ಹೇಳಲು ಆಗುವುದಿಲ್ಲ" ಎಂದು ಡಾಕ್ಟರು ಹೇಳಿದ್ದು ನನಗೆ, ನಿನಗಲ್ಲ. ನೀನು ಆಗ ನಿದ್ದೆಯಲ್ಲಿದ್ದೆ. ನೀನು ಬುಟ್ಟಿಯ ಎದುರು ಕೂತಿರುವಾಗ ಫಿಟ್ಸ್ ಬಂದರೆ, ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಇದ್ದರೆ, ಮತ್ತೆ ಆ ಕುರ್ಚಿಯಲ್ಲಿ ಕೂರಬೇಕಾದವಳು ಯಾರು?

ಜಾಗ ನಿನ್ನದು, ಸರಿ. ಹೆದರಿಕೆ ನನ್ನದು. ಅದನ್ನೂ ಬಿಡುವುದಾದರೆ ನಾನೇ ಬಿಡಬೇಕು.

ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಮಾನಸ


ಮಣಿಪಾಲ
13 ಜೂನ್ 2024

ಮಗಳು ಮಾನಸಳಿಗೆ ಅಪ್ಪ ಚೆನ್ನಪ್ಪ ಬರೆಯುವುದು.

ಅಮ್ಮನ ತಲೆಗೆ ಎಲುಬು ಕೂರಿಸಿ ಆಯಿತು. ಸೋಮವಾರ ಮಾಡಿದರು. ನಿನಗೆ ಹೇಳಬಾರದು ಎಂದು ಅಮ್ಮನ ಆರ್ಡರ್ ಇತ್ತು. ಫೋನಿನಲ್ಲಿ ಹೇಳಬಾರದು ಎಂದಿದ್ದರು, ಬರೆಯಬಾರದು ಎಂದು ಹೇಳಿರಲಿಲ್ಲ. ಆದ ಕಾರಣ ಬರೆಯುತ್ತಿದ್ದೇನೆ. ನಾನು ತುಳುವಿನಲ್ಲಿ ಹೇಳುವುದು, ಕನ್ನಡ ಮಾಡಿ ಬರೆದುಕೊಡುವುದು ಸ್ಯಾಂಡ್ರಾ ಮೇಡಂ.

ಮಧ್ಯದಲ್ಲಿ ಸ್ವಲ್ಪ ಜ್ವರ ಬಂತು. ಗಾಯಕ್ಕೆ ಸೋಂಕು ಆಗಿದೆಯೋ ಎಂದು ಎಲ್ಲರೂ ಹೆದರಿದೆವು. ಆಗಿಲ್ಲ. ಈಗ ಜ್ವರ ಇಲ್ಲ. ತಲೆ ಮೊದಲಿನ ಹಾಗೆ ಗುಂಡಗೆ ಉಂಟು.

ನೀವಿಬ್ಬರೂ ಸೇರಿ ನನ್ನನ್ನು ಕೊಲ್ಲುತ್ತೀರಿ. ಬೋಟಿನಲ್ಲಿ ಗಾಳಿ ಎದ್ದಾಗಲೂ ನಾನು ಇಷ್ಟು ಸುಸ್ತಾದವನಲ್ಲ. ಅಮ್ಮ ಸಿಟ್ಟಿನಲ್ಲಿ ಕನ್ನಡ ಮಾತನಾಡುವಾಗ ನನಗೆ ಅರ್ಧ ಅರ್ಥ ಆಗುವುದಿಲ್ಲ. ನೆಮ್ಮದಿ ಅದೊಂದೇ.

ಆಸ್ಪತ್ರೆಗೆ ಬಾ. ಮಣಿಪಾಲಕ್ಕೆ ಬರಬಾರದು ಎಂದು ಅಮ್ಮ ಹೇಳಿಲ್ಲ, ಕಾಪುವಿಗೆ ಮಾತ್ರ.

ಅಪ್ಪ


ಕಾಪು
14 ಜುಲೈ 2024

ಮಾನಸ,

ಆಸ್ಪತ್ರೆಗೆ ನೀನು ಬಂದೆ. ನನ್ನ ತಲೆ ಬಾಚಲು ಕೂದಲೇ ಇರಲಿಲ್ಲ, ಆದರೂ ನೀನು ಬಾಚಿದೆ. ಗೊತ್ತಾಯಿತು.

ಈಗ ಬರೆಯುವುದು ಕೇಳು.

ಎಲುಬು ಕೂರಿಸಿದ ಮೇಲೆ ತಲೆ ಹಗುರ ಆಗಿದೆ. ಕನ್ನಡ ಬೇಗ ಬರುತ್ತದೆ. ತುಳು ಬರಬಹುದು ಎಂದು ಮಣಿಪಾಲಕ್ಕೆ ಹೋದಾಗಲೆಲ್ಲ ಸ್ಯಾಂಡ್ರಾ ಅಭ್ಯಾಸ ಮಾಡಿಸುತ್ತಾರೆ. ಅವರ ಮನೆಮಾತು ಕೊಂಕಣಿ, ಹುಟ್ಟಿದ್ದು ಕಾರ್ಕಳದ ಅತ್ತೂರಿನಲ್ಲಿ, ತುಳು ನನ್ನಷ್ಟೇ ಚೆನ್ನಾಗಿ ಬರುತ್ತದೆ. ಅಂದರೆ, ಬರುತ್ತಿದ್ದಷ್ಟು. ಅವರು "ಬಲೆ" ಎನ್ನುತ್ತಾರೆ. ಬನ್ನಿ ಎಂದು. ನಾನು "ಬ" ಎನ್ನುತ್ತೇನೆ. ಮುಂದಿನದು ಬಾಗಿಲ ಹಿಂದೆ ನಿಂತಿರುತ್ತದೆ, ಹೊರಗೆ ಬರುವುದಿಲ್ಲ. ಎಣಿಸಲು ಹೋದರೂ ಹಾಗೆ. ಒಂಜಿ ಎನ್ನುತ್ತೇನೆ, ರಡ್ಡ್ ಎನ್ನುವಾಗ ಎರಡು ಆಗಿರುತ್ತದೆ.

"ಇನ್ನೊಂದು ವರ್ಷ ಕಾಯೋಣ ಅಕ್ಕ, ಸ್ವಲ್ಪ ಸ್ವಲ್ಪ ಬರಬಹುದು" ಎಂದರು ಸ್ಯಾಂಡ್ರಾ. ಬರದಿದ್ದರೆ ಎಂದು ಕೇಳಿದೆ. ಸುಳ್ಳು ಹೇಳುವ ಹುಡುಗಿ ಅಲ್ಲ ಅವಳು. ಬರದೆಯೂ ಇರಬಹುದು ಎಂದಳು.

ಮಾರ್ಕೆಟು ನನಗಾಗಿ ಒಂದು ವರ್ಷ ಕಾಯುವುದಿಲ್ಲ. ನಾನೂ ಕಾಯುವುದಿಲ್ಲ. ಮೊದಲ ಗಿರಾಕಿಯನ್ನು ತನ್ನ ಬಾಯಿಂದ ಕರೆಯಬೇಕು ಎಂದು ನಿಯಮ. ನನಗೆ ಬಾಯಿ ಉಂಟು. ಅದರಲ್ಲಿ ಕನ್ನಡ ಉಂಟು. ಕನ್ನಡದಲ್ಲಿ ಕರೆಯುತ್ತೇನೆ.

ನಿನ್ನ ಹೆದರಿಕೆಯ ಬಗ್ಗೆ ಯೋಚಿಸಿದೆ. ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಕತ್ತಿ ನಾನು ಮುಟ್ಟುವುದಿಲ್ಲ. ಬಲಗೈಯಲ್ಲಿ ಹಿಡಿಯಲೂ ಆಗುವುದಿಲ್ಲ ಬಿಡು. ಯಶ್ಮಿತಾಳ ಹತ್ತಿರ ಕೇಳಿದೆ: "ನೀನು ಕೊಯ್ಯಿ, ನಾನು ಮಾರುತ್ತೇನೆ, ಇಬ್ಬರೂ ಕೂರೋಣ." ಅವಳು "ಅತ್ತೆ, ಇಡೀ ಜಾಗವೇ ನನ್ನದಾಗುವಾಗ ಅರ್ಧ ಯಾಕೆ ತೆಗೆದುಕೊಳ್ಳಲಿ?" ಎಂದಳು. ನೇರ ಹೇಳಿದಳು. ಅವಳಿಗೂ ಮಕ್ಕಳಿದ್ದಾರೆ, ಇಷ್ಟು ತಿಂಗಳು ಬಿಸಿಲಿನಲ್ಲಿ ಕೂತಿದ್ದಾಳೆ. ನನಗೆ ಅವಳ ಮೇಲೆ ಸಿಟ್ಟಿಲ್ಲ. ನಾನು ಏಳುವುದೂ ಇಲ್ಲ.

ನಿನ್ನಿಂದ ಆಗಬೇಕಾದ್ದು ಒಂದೇ. ನಿನ್ನ ಮಾತನ್ನು ನೀನೇ ಹೋಗಿ ಹಿಂದೆ ತೆಗೆದುಕೊಳ್ಳಬೇಕು. ನಾನು ಹೇಳಿದರೆ ಅಪ್ಪಿಯಕ್ಕ "ಮಗಳು ಒಂದು ಹೇಳುತ್ತಾಳೆ, ತಾಯಿ ಒಂದು ಹೇಳುತ್ತಾಳೆ, ತಾಯಿಗೆ ತಲೆ ಸರಿ ಇಲ್ಲ" ಎನ್ನುತ್ತಾಳೆ. ಅದನ್ನು ನಾನು ಬದುಕಿರುವವರೆಗೆ ಹೊರಬೇಕು.

ಅಮ್ಮ


ಕುಕ್ಕುಂದೂರು
4 ಆಗಸ್ಟ್ 2024

ಅಮ್ಮಾ,

ಹೋಗಿ ಬಂದೆ. ನಿನ್ನ ಮನೆಗೆ ಬರಲಿಲ್ಲ, ನಿನ್ನ ನಿಷೇಧಕ್ಕೆ ಮರ್ಯಾದೆ ಕೊಟ್ಟು.

ಅಪ್ಪಿಯಕ್ಕ ಐಸ್ ಮೀನಿನ ಎದುರು ಕೂತಿದ್ದರು. ನನ್ನನ್ನು ಕಂಡ ಕೂಡಲೇ "ಎಂತ, ಇವತ್ತು ಯಾರ ಜಾಗ ಹಂಚಲು ಬಂದದ್ದು?" ಎಂದರು. ನಾನು ಹೇಳಿದೆ: "ಆ ದಿನ ನಾನು ಹೇಳಿದ್ದನ್ನು ಬಿಟ್ಟುಬಿಡಿ ಅಕ್ಕ. ಜಾಗ ಕೊಡಲು ಅದು ನನ್ನದಾಗಿರಲಿಲ್ಲ."

"ಹಾಗಾದರೆ ಹರಿಣಾಕ್ಷಿ ಬರುತ್ತಾಳಾ?"

"ಬರುತ್ತಾರೆ."

"ನೀನು ಒಪ್ಪಿದ್ದಿಯಾ?"

"ನಾನು ಒಪ್ಪಿಲ್ಲ. ಅವರು ಬರುತ್ತಾರೆ."

ಅವರು ಎಲೆಗೆ ಸುಣ್ಣ ಹಚ್ಚುತ್ತಾ ನನ್ನನ್ನೇ ನೋಡಿದರು. "ತಾಯಿ ಮಗಳು ಸೇರಿ ನನ್ನನ್ನು ಎಂತ ಬಸ್ ಸ್ಟ್ಯಾಂಡ್ ಮಾಡಿದ್ದೀರಾ? ಒಬ್ಬಳು ಬರುವುದು, ಹೇಳುವುದು, ಹೋಗುವುದು. ಬರಲಿ. ಆದರೆ ನಿಯಮ ನಿಯಮವೇ. ಕರೆಯಬೇಕು. ಮಾತು ಬಾರದವಳನ್ನು ಪಾಪ ಎಂದು ಕೂರಿಸಿದರೆ ನಾಳೆ ಎಲ್ಲರೂ ಪಾಪವೇ."

ಕನ್ನಡದಲ್ಲಿ ಕರೆಯುತ್ತಾರೆ ಎಂದೆ. ಅಪ್ಪಿಯಕ್ಕ ಬಾಯಲ್ಲಿದ್ದದ್ದನ್ನು ಉಗುಳಿ ಬಂದು ನಕ್ಕರು. ಪಕ್ಕದವರಿಗೂ ಹೇಳಿ ನಗಿಸಿದರು. ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

ಯಶ್ಮಿತಾ ನನಗೆ ಬೆನ್ನು ಹಾಕಿ ಮೀನು ಕೊಯ್ಯುತ್ತಾ ಇದ್ದಳು.

ನನ್ನ ಕೆಲಸ ಮುಗಿಯಿತು. ಇನ್ನು ನಿನ್ನದು. ಫಿಟ್ಸಿನ ಮಾತ್ರೆ ತಪ್ಪಿಸಿದರೆ ನಾನೇ ಬಂದು ಬುಟ್ಟಿ ಮಗುಚುತ್ತೇನೆ.

ಮಾನಸ


ಕಾಪು
22 ಆಗಸ್ಟ್ 2024

ಮಾನಸ,

ನಿನ್ನೆ ಕೂತೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಅವರೆಲ್ಲ ಆಡಿದ್ದು ತುಳುವಿನಲ್ಲಿ, ಕನ್ನಡ ನಾನು ಮಾಡಿದ್ದು.

ಮಾತ್ರೆ ತಿಂದೆ, ಗಂಜಿ ಉಂಡೆ. ಮಲ್ಪೆಯಿಂದ ಬಂದ ಬಂಗುಡೆಯನ್ನು ನಿನ್ನ ಅಪ್ಪ ರಿಕ್ಷಾದಲ್ಲಿ ತಂದು ಇಳಿಸಿದರು. ಮಾರ್ಕೆಟಿನ ನೆಲ ಒದ್ದೆ ಇತ್ತು. ಅವರು ಹಿಂದಿನಿಂದ "ನಿಧಾನ, ನಿಧಾನ, ಹಂಪ್ ಉಂಟು" ಎನ್ನುತ್ತಾ ಬಂದರು. ನಡೆಯಲು ಕಷ್ಟ ಆಗಲಿಲ್ಲ. ಮಣೆಯ ಮೇಲೆ ಕೂರಲು ಕಷ್ಟ ಆಯಿತು. ಬಲಗಾಲು ಮಡಚುವುದಿಲ್ಲ. ನೀಡಿಕೊಂಡು ಕೂತೆ. ಯಶ್ಮಿತಾ ಪಕ್ಕದಲ್ಲಿ ಕತ್ತಿ ಇಟ್ಟುಕೊಂಡು ಕೂತಿದ್ದಳು. ಏಳು ಎಂದು ನಾನು ಹೇಳಲಿಲ್ಲ, ಅವಳು ಏಳಲಿಲ್ಲ.

ಸಾಲು ಇಡೀ ನನ್ನ ತಲೆಯನ್ನು ನೋಡುತ್ತಿತ್ತು. ಸೆರಗು ಹಾಕಿಕೊಳ್ಳಲಿಲ್ಲ. ಹೊಲಿಗೆಯ ಗುರುತು ನೋಡುವವರು ನೋಡಲಿ ಎಂದು.

"ಹೂಂ. ಕರೆ" ಎಂದಳು ಅಪ್ಪಿಯಕ್ಕ.

ಒಬ್ಬರು ಚೀಲ ಹಿಡಿದು ಬರುತ್ತಿದ್ದರು. ಬಾಯಿ ತೆರೆದೆ. "ಬ" ಬಂತು. ನಿಂತಿತು. ಯಶ್ಮಿತಾ ನನ್ನ ಮುಖ ನೋಡಿದಳು. ನಾನು ಇನ್ನೊಂದು ಬಾಗಿಲಿನಿಂದ ಹೊರಟೆ. "ಬನ್ನಿ! ಬಂಗುಡೆ ಉಂಟು! ತಾಜಾ ಬಂಗುಡೆ ಲಭ್ಯವಿದೆ!"

ಮಾರ್ಕೆಟು ನಕ್ಕ ಹಾಗೆ ನೀನು ಯಾವತ್ತೂ ಕೇಳಿರಲಿಕ್ಕಿಲ್ಲ. "ರೇಡಿಯೋ ಶುರುವಾಯಿತು" ಎಂದಳು ಒಬ್ಬಳು. "ಮುಖ್ಯಾಂಶಗಳು ಮತ್ತೊಮ್ಮೆ" ಎಂದಳು ಇನ್ನೊಬ್ಬಳು. ಆ ಗಿರಾಕಿ ನಿಂತು, ನಾನು ಯಾವುದೋ ಇಲಾಖೆಯವಳು ಎಂದು ತಿಳಿದು ಕನ್ನಡದಲ್ಲಿಯೇ ಕೇಳಿದರು: "ನೀವು ಎಲ್ಲಿಯವರು?"

"ಇಲ್ಲಿಯವಳು. ಈ ಜಾಗದವಳು" ಎಂದೆ.

ಅವರು ಒಂದು ಮೀನಿನ ಕಿವಿರು ಎತ್ತಿ ನೋಡಿ, ರೇಟು ಕೇಳಿ, ಜಾಸ್ತಿ ಆಯಿತು ಎಂದು ಮುಂದೆ ಹೋಗಿ ಅಪ್ಪಿಯಕ್ಕನ ಹತ್ತಿರ ತೆಗೆದುಕೊಂಡರು.

ಯಶ್ಮಿತಾ ಹೇಳಿದಳು: "ಅಪ್ಪಿಯಕ್ಕ, ಇದು ಕರೆದದ್ದಲ್ಲ. ಹೀಗೆ ನಮ್ಮಲ್ಲಿ ಯಾರು ಕರೆಯುತ್ತಾರೆ? ಗಿರಾಕಿಯೂ ನಿಲ್ಲಲಿಲ್ಲ."

ನಾನು ಹೇಳಿದೆ. ಬೇಗ ಹೇಳಲು ಆಗಲಿಲ್ಲ, ಎಲ್ಲರೂ ಕಾಯಬೇಕಾಯಿತು, ಕಾದರು. "ಬಾಯಿಂದ ಕರೆಯಬೇಕು ಎಂದು ನಿಯಮ. ಭಾಷೆ ಯಾವುದು ಎಂದು ನಿಯಮದಲ್ಲಿ ಇಲ್ಲ. ಗಿರಾಕಿ ತೆಗೆದುಕೊಳ್ಳಬೇಕು ಎಂದೂ ಇಲ್ಲ. ಇದ್ದರೆ ಯಾರಾದರೂ ಹೇಳಿ."

ಎಲ್ಲರೂ ಅಪ್ಪಿಯಕ್ಕನ ಮುಖ ನೋಡಿದರು. ಅವಳು ತನ್ನ ಮೀನಿಗೆ ನೀರು ಚಿಮುಕಿಸಿದಳು.

ಯಾರೂ ತೀರ್ಪು ಹೇಳದಿದ್ದಾಗ ಸುಮ್ಮನೆ ಕೂತವರು ಸೋಲುತ್ತಾರೆ. ನಾನು ಮತ್ತೆ ಕರೆದೆ. ಯಾರೂ ಬರಲಿಲ್ಲ. ಮತ್ತೆ ಕರೆದೆ. ಕಟ್ಟಡ ಕೆಲಸದ ಹುಡುಗರಿಬ್ಬರು ಬಂದರು, ಗದಗದ ಕಡೆಯವರು. ಕನ್ನಡ ಕೇಳಿ ಖುಷಿಯಿಂದ ಬಂದದ್ದು. ಅವರ ಕನ್ನಡ ನನಗೆ ತಿಳಿಯಲಿಲ್ಲ, ನನ್ನ ಕನ್ನಡ ಅವರಿಗೆ ತಿಳಿಯಲಿಲ್ಲ. ಕೊನೆಗೆ ಬೆರಳು ತೋರಿಸಿ ವ್ಯಾಪಾರ ಆಯಿತು. ಕೊಯ್ದು ಕೊಡಬೇಕು ಎಂದರು. ನಾನು ಯಶ್ಮಿತಾಳ ಕಡೆ ತಿರುಗಲಿಲ್ಲ, ಕೇಳಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮೀನು ಎಳೆದುಕೊಂಡಳು. "ಅತ್ತೆ, ಇದು ಇವತ್ತಿಗೆ ಮಾತ್ರ" ಎಂದಳು. ನಾಳೆಯ ಜಗಳ ನಾಳೆಗೆ ಎಂದೆ.

ಹನ್ನೊಂದು ಗಂಟೆ ಹೊತ್ತಿಗೆ ನನ್ನ ಸ್ವರ ಕಟ್ಟಿತ್ತು. ಬುಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು ಹಾಗೆಯೇ ಇತ್ತು. ಫಿಟ್ಸ್ ಬರಲಿಲ್ಲ. ನೀನು ಇದನ್ನೇ ಮೊದಲು ಹುಡುಕುತ್ತಿ ಎಂದು ಗೊತ್ತು, ಆದರೂ ಕ್ರಮ ತಪ್ಪಿಸಿ ಬರೆಯಲಿಲ್ಲ.

ಕಾಪುವಿಗೆ ಬರಬಾರದು ಎಂದದ್ದನ್ನು ನೀನು ಅಪ್ಪಿಯಕ್ಕನ ಹತ್ತಿರ ಹೋದ ದಿನವೇ ಹಿಂದೆ ತೆಗೆದುಕೊಂಡಿದ್ದೇನೆ. ಹೇಳಲು ಬಿಟ್ಟುಹೋಯಿತು. ಬರುವುದಾದರೆ ಮಾರ್ಕೆಟಿಗೆ ಬಾ, ಮನೆಯಲ್ಲಿ ನಾನು ಇರುವುದಿಲ್ಲ. ಅಳುವುದಾದರೆ ಬರಬೇಡ, ಗಿರಾಕಿ ಹೋಗುತ್ತಾರೆ.

ಕೊನೆಯದು. ಎಲ್ಲರೂ ಬುಟ್ಟಿ ಕಟ್ಟುವ ಹೊತ್ತಿಗೆ ಅಪ್ಪಿಯಕ್ಕ ನನ್ನ ಕಡೆ ತಿರುಗಿದಳು. ಬೆಳಿಗ್ಗೆ ‘ಕರೆ’ ಎಂದದ್ದು ಬಿಟ್ಟರೆ ನನ್ನ ಹತ್ತಿರ ಅವಳು ಆಡಿದ ಮಾತು ಇಷ್ಟೇ: "ಏ ಹರಿಣಾಕ್ಷಿ, ಬುಟ್ಟಿ ಅತ್ತ ಸರಿಸು. ನನ್ನ ಜಾಗಕ್ಕೆ ಬಂದಿದ್ದಿ."

ಜಾಗ ಇಲ್ಲದವಳಿಗೆ ಯಾರೂ ಸರಿಸು ಎನ್ನುವುದಿಲ್ಲ, ಏಳು ಎನ್ನುತ್ತಾರೆ. ನಾನು ತಿರುಗಿ ನೋಡಿದೆ. ಬುಟ್ಟಿ ಒಂದು ಗೇಣು ಆಚೆ ಹೋಗಿದ್ದದ್ದು ನಿಜ.

ಸರಿಸಲಿಲ್ಲ.

ನಿನ್ನ ಅಮ್ಮ
ಹರಿಣಾಕ್ಷಿ